ಕೆಟ್ಟ ಕಾಲದಲ್ಲಿ ಬೊಕ್ಕಸದ ಧರ್ಮ

ವ್ಯಾಪಾರವು ಕುಗ್ಗಿ ಕೂಲಿಕಾರನ ಕೈ ಬರಿದಾದಾಗ ಸರಕಾರವು ಬೊಕ್ಕಸದ ಬಾಯನ್ನು ಬಿಚ್ಚಬೇಕೋ ಬಿಗಿಯಬೇಕೋ ಎಂಬ ಪ್ರಶ್ನೆಯು ಬೆಳಗಾವಿ ಜಿಲ್ಲೆಯವರಿಗೆ ಹೊಸದಲ್ಲ. 1876-78ರ ಬರಗಾಲದಲ್ಲಿ ಈ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿದ್ದಿತು. ಪರಿಹಾರದ ವೆಚ್ಚವನ್ನು ತಗ್ಗಿಸಲೆಂದು ಸರ್ ರಿಚರ್ಡ್ ಟೆಂಪಲ್ ಸಾಹೇಬರು 1877ರಲ್ಲಿ ಕಾಮಗಾರಿಯ ಕೂಲಿಯನ್ನು ದಿನಕ್ಕೊಂದು ಪೌಂಡು ಧಾನ್ಯದ ಮಟ್ಟಕ್ಕೆ ಇಳಿಸಿದರು. ಆ ಮಿತವ್ಯಯದ ಬೆಲೆಯನ್ನು ಬಡವರು ತಮ್ಮ ಪ್ರಾಣಗಳಿಂದ ತೆತ್ತರು. ಬಳಿಕ ಸರಕಾರದ ಕಣ್ಣು ತೆರೆಯಿತು. ಬರದಿಂದ ರಕ್ಷಣೆ ಕೊಡುವ ಹಾದಿಗಳಿಗಾಗಿ 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೇಲ್ವೆ ಕಂಪನಿಯು ಹಾಕಿದ ಮಾರ್ಗವೇ ಇಂದಿಗೂ ಲೋಂಡಾ, ಖಾನಾಪುರಗಳನ್ನು ದಾಟಿ ಬೆಳಗಾವಿಗೆ ಬರುತ್ತದೆ.

ಅದೇ ಪ್ರಶ್ನೆಯು 2020ರಲ್ಲಿ ಮತ್ತೆ ಎದುರಾಯಿತು. ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿತು. ಉದ್ಯಮಬಾಗದ ಫೌಂಡ್ರಿಗಳು ತಣ್ಣಗಾದವು; ವಡಗಾವಿ, ಶಹಾಪುರಗಳ ಮಗ್ಗಗಳು ನಿಂತವು; ಗೋವೆಗೆ ದುಡಿಯಹೋದವರು ಖಾನಾಪುರದ ಹಳ್ಳಿಗಳಿಗೆ ಮರಳಿದರು. ಏಪ್ರಿಲ್‌ದಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಉತ್ಪನ್ನವು ಹಿಂದಿನ ವರ್ಷದಕ್ಕಿಂತ ಸುಮಾರು ಕಾಲುಭಾಗ ಇಳಿಯಿತು. ಕೇಂದ್ರ ಸರಕಾರವು 20 ಲಕ್ಷ ಕೋಟಿ ರೂಪಾಯಿಗಳ ಯೋಜನೆಯನ್ನು ಸಾರಿತು. ಆದರೆ ಅದರ ಹೆಚ್ಚಿನ ಪಾಲು ಸಾಲ ಮತ್ತು ಸಾಲದ ಜಾಮೀನುಗಳ ರೂಪದ್ದು. ಗಿರಾಕಿಯೇ ಇಲ್ಲದ ಅಂಗಡಿಕಾರನಿಗೆ ಸಾಲದಿಂದ ಏನು ಪ್ರಯೋಜನ?

ನಿಜವಾಗಿ ಹಳ್ಳಿಗಳನ್ನು ಎತ್ತಿಹಿಡಿದದ್ದು ನಮ್ಮ ಜಿಲ್ಲೆಯಲ್ಲಿ 2007ರಿಂದ ನಡೆದುಬಂದಿದ್ದ ಉದ್ಯೋಗ ಖಾತರಿಯು. ಆ ವರ್ಷದ ಮೂಲ ಮಂಜೂರಿ 61,500 ಕೋಟಿ. ಕೆಲಸ ಬೇಡುವವರು ಹೆಚ್ಚಲು ಮತ್ತೆ 40,000 ಕೋಟಿ ಕೂಡಿಸಲಾಯಿತು. ಕರ್ನಾಟಕದಲ್ಲಿ ದಿನಗೂಲಿ 275 ರೂಪಾಯಿ. ಈ ಹಣವು ಪೆಟ್ಟಿಗೆಯಲ್ಲಿ ಕೂಡ್ರುವ ಹಣವಲ್ಲ. ಕೂಲಿಕಾರಳು ಅದನ್ನು ಸಂತೆಯಲ್ಲಿ ಅಕ್ಕಿ, ಎಣ್ಣೆ, ಅರಿವೆಗಳಿಗೆ ಕೊಡುವಳು. ಅಂಗಡಿಕಾರನು ನೇಕಾರನಿಗೆ ಕೊಡುವನು. ಒಂದೇ ರೂಪಾಯಿ ನಾಲ್ಕು ಮನೆಗಳ ಒಲೆ ಹೊತ್ತಿಸುವದು. ಮೇಲೆ ಹೂಳೆತ್ತಿದ ಕೆರೆಯೂ ಊರಿಗೆ ಉಳಿಯುವದು.

ಇದರಲ್ಲಿ ದೋಷಗಳಿರಲಿಲ್ಲವೆಂದು ನಾವು ಹೇಳೆವು. ಹದಿನೈದು ದಿನಗಳಲ್ಲಿ ಕೂಲಿ ಸಲ್ಲಬೇಕೆಂದು ಕಾಯಿದೆಯು ವಿಧಿಸಿದ್ದರೂ ಅನೇಕ ವೇಳೆ ಅದು ತಡವಾಯಿತು. ಸುಳ್ಳು ಹಾಜರಿಗಳೂ ಆದವು. ಆದರೆ ಇಲಿಗಳಿವೆಯೆಂದು ಹಗೆಯನ್ನೇ ಮುಚ್ಚುವ ಒಕ್ಕಲಿಗನುಂಟೆ?

2025ರ ಡಿಸೆಂಬರದಲ್ಲಿ ಪಾರ್ಲಿಮೆಂಟು ಆ 2005ರ ಕಾಯಿದೆಯ ಸ್ಥಾನದಲ್ಲಿ ಹೊಸದೊಂದನ್ನು ಅಂಗೀಕರಿಸಿತು. ಕೆಲಸದ ದಿನಗಳು 100ರಿಂದ 125ಕ್ಕೆ ಏರಿದುದು ಸ್ವಾಗತಾರ್ಹವು. ಆದರೆ ಕಲಮುಗಳನ್ನು ಓದಿದವರಿಗೆ ಶಂಕೆಯು ಹುಟ್ಟದಿರದು. ಹಿಂದೆ ಕೂಲಿಯ ಸಂಪೂರ್ಣ ಭಾರವು ಕೇಂದ್ರದ್ದಾಗಿದ್ದಿತು. ಹೊಸ ಕಾಯಿದೆಯಲ್ಲಿ ನೂರಕ್ಕೆ ನಾಲ್ವತ್ತು ಪಾಲು ನಮ್ಮ ರಾಜ್ಯದಂಥವುಗಳ ಮೇಲಿದೆ. ಕೇಂದ್ರವು ಮೊದಲೇ ಗೊತ್ತುಪಡಿಸಿದ ಮೊತ್ತವನ್ನು ಮೀರಿದ ವೆಚ್ಚವೆಲ್ಲ ರಾಜ್ಯದ್ದೇ. ಕೆಟ್ಟ ಕಾಲದಲ್ಲಿ ಕೆಲಸ ಬೇಡುವವರು ಹೆಚ್ಚುವರು, ರಾಜ್ಯದ ಉತ್ಪನ್ನವೋ ಅದೇ ಕಾಲಕ್ಕೆ ಬತ್ತುವದು. 2020ರ ಆಗಸ್ಟದಲ್ಲಿ ಜಿ.ಎಸ್.ಟಿ. ಪರಿಹಾರದ ಕೊರತೆಯನ್ನು ಸಾಲ ಮಾಡಿ ತುಂಬಿಕೊಳ್ಳಿರೆಂದು ಕೇಂದ್ರವು ರಾಜ್ಯಗಳಿಗೆ ಸೂಚಿಸಿದ್ದನ್ನು ಯಾರು ಮರೆತಾರು? ಮಳೆಗಾಲದಲ್ಲಿ ಬಿಚ್ಚಿ ಬಿಸಿಲಿನಲ್ಲಿ ಮಡಿಸುವದು ಕೊಡೆಯ ಧರ್ಮ. ಇಲ್ಲಿ ಅದು ತಲೆಕೆಳಗಾಗಿದೆ.

ಆದ್ದರಿಂದ ನಮ್ಮ ಬೇಡಿಕೆಯು ಸ್ಪಷ್ಟವಾದದ್ದು. ಬರಗಾಲದ ಅಥವಾ ಉದ್ಯಮಗಳ ಕುಸಿತದ ವರ್ಷದಲ್ಲಿ ಮೊತ್ತದ ಮಿತಿಯು ತಾನಾಗಿ ಸಡಿಲಾಗಿ, ಕೂಲಿಯ ಪೂರ್ಣ ಭಾರವು ಕೇಂದ್ರದ ಮೇಲೆ ಬರುವಂತೆ ಕಾಯಿದೆಯಲ್ಲಿಯೇ ಒಂದು ಕಲಮು ಸೇರತಕ್ಕದ್ದು. ವಡಗಾವಿಯ ನೇಕಾರನಂಥ ಪಟ್ಟಣದ ದುಡಿಮೆಗಾರನಿಗೂ ಇಂಥದೇ ಖಾತರಿಯು ದೊರೆಯತಕ್ಕದ್ದು. ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರು ಪಕ್ಷಭೇದವನ್ನು ಬದಿಗಿಟ್ಟು ಇದಕ್ಕಾಗಿ ದನಿಯೆತ್ತಬೇಕು. ಗ್ರಾಮಸಭೆಗಳಲ್ಲಿ ಹಾಜರಿ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ ಲೆಕ್ಕ ಕೇಳುವದು ಓದುಬರಹ ಬಲ್ಲವರ, ಮುಖ್ಯವಾಗಿ ಶಿಕ್ಷಕ ಬಂಧುಗಳ, ಕರ್ತವ್ಯವು. ಮುಂದಿನ ಕೆಟ್ಟ ಕಾಲವು ಹೇಳಿ ಬರುವದಿಲ್ಲ; ಅದು ಬಂದ ಮೇಲೆ ಕಾಯಿದೆ ತಿದ್ದುವೆವೆಂದು ಕೂಡ್ರುವದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ ಸರಿ.