ನರ್ತನಕೂಟದಲ್ಲಿ ನೀರಿನ ಬೆಲೆ

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ, ಮದ್ಯಪಾನಕ್ಕೆ ಪರವಾನಗಿ ಪಡೆದ ನರ್ತನಶಾಲೆಗಳು ಕೇಳಿದವರಿಗೆ ಕುಡಿಯುವ ನೀರನ್ನು ಬೆಲೆಯಿಲ್ಲದೆ ಕೊಡಬೇಕೆಂಬ ಕಟ್ಟಳೆ 2010ರಿಂದ ಜಾರಿಯಲ್ಲಿದೆ. ಇದು ಶ್ಲಾಘ್ಯವೇ ಸರಿ. ಆದರೆ ಮದ್ಯವಿಲ್ಲದ ನರ್ತನಕೂಟಗಳಿಗೆ ಈ ಕಟ್ಟಳೆ ಅನ್ವಯಿಸದು. ಶರೀರಶಾಸ್ತ್ರದ ದೃಷ್ಟಿಯಿಂದ ಈ ಭೇದಕ್ಕೆ ಅರ್ಥವಿಲ್ಲ.

ನರ್ತಿಸುವವರ ಸ್ನಾಯುಗಳು ವ್ಯಯಿಸುವ ಶಕ್ತಿಯ ಬಹುಭಾಗವು ಶಾಖವಾಗಿ ಮಾರ್ಪಡುತ್ತದೆ. ಒಂದು ಲೀಟರು ಬೆವರು ಪೂರ್ಣವಾಗಿ ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಒಯ್ಯುವುದು. ಜನ ಕಿಕ್ಕಿರಿದ ಸಭಾಂಗಣದ ತೇವಗಾಳಿಯಲ್ಲಾದರೋ ಬೆವರು ಆರದೆ ತೊಟ್ಟಿಕ್ಕುತ್ತದೆ. ನೀರು ನಷ್ಟವಾದರೂ ಮೈ ತಂಪಾಗದು. ಆ ನಷ್ಟವನ್ನು ತುಂಬಲು ಬಡ ವಿದ್ಯಾರ್ಥಿಯು ಶೀಸೆಯ ನೀರಿಗೆ ದುಡ್ಡು ತೆರಬೇಕೆ?

ಪ್ರವೇಶಶುಲ್ಕ ಪಡೆಯುವ ಪ್ರತಿಯೊಂದು ನರ್ತನಕೂಟವೂ ನಲ್ಲಿಯ ನೀರನ್ನು ಎಲ್ಲರ ಕೈಗೆಟಕುವಂತೆ ಇರಿಸತಕ್ಕದ್ದು. ಈ ಹೊಣೆಯನ್ನು ಮದ್ಯದ ಪರವಾನಗಿಯಿಂದ ಬಿಡಿಸಿ, ನರ್ತನದೊಡನೆಯೇ ಕಟ್ಟಬೇಕು.