ವರವೋ ಶಾಪವೋ ಎಂಬ ಸೋಮಾರಿತನ

ಮೊಬೈಲ್ ವರವೋ ಶಾಪವೋ. ಜಾಗತೀಕರಣ ವರವೋ ಶಾಪವೋ. ಸಾಮಾಜಿಕ ಜಾಲತಾಣ ವರವೋ ಶಾಪವೋ. ನಮ್ಮ ಕಾಲೇಜುಗಳ ಚರ್ಚಾಸ್ಪರ್ಧೆಗಳ ಕರಪತ್ರಗಳಲ್ಲಿ ವರ್ಷಾನುಗಟ್ಟಲೆಯಿಂದ ಇದೇ ಅಚ್ಚಿನ ವಿಷಯಗಳು ಬರುತ್ತಿವೆ. ಈಗ ಮೊದಲ ಪದದ ಜಾಗದಲ್ಲಿ ಕೃತಕ ಬುದ್ಧಿಮತ್ತೆ ಬಂದು ಕೂತಿದೆ. ಪರವಾಗಿ ಮಾತಾಡುವ ಹುಡುಗಿ ನಾಲ್ಕು ಅನುಕೂಲ ಹೇಳುತ್ತಾಳೆ, ವಿರೋಧಿಸುವ ಹುಡುಗ ನಾಲ್ಕು ಅನನುಕೂಲ ಹೇಳುತ್ತಾನೆ, ತೀರ್ಪುಗಾರರು ಉಚ್ಚಾರಣೆಗೆ, ಹಾವಭಾವಕ್ಕೆ, ಸಮಯಪಾಲನೆಗೆ ಅಂಕ ಹಾಕುತ್ತಾರೆ, ಪರ್ಯಾಯ ಪಾರಿತೋಷಕ ಯಾವುದೋ ಒಂದು ಕಾಲೇಜಿಗೆ ಹೋಗುತ್ತದೆ. ಯಾರು ಗೆದ್ದರೂ ಏನೂ ವ್ಯತ್ಯಾಸವಾಗದು. ಮೊಬೈಲ್ ಇರಲೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲೂ ಇಲ್ಲ. ಹುಡುಗರ ಸ್ಪರ್ಧೆ ಎಂದು ಇದನ್ನು ಬಿಟ್ಟುಬಿಡಬಹುದಿತ್ತು. ಆದರೆ ಅದೇ ಅಚ್ಚು ಸುದ್ದಿವಾಹಿನಿಗಳ ರಾತ್ರಿ ಚರ್ಚೆಗೂ, ಸಮ್ಮೇಳನದ ಗೋಷ್ಠಿಗಳಿಗೂ, ನಮ್ಮ ಜೊತೆಯ ಕೆಲವು ಪತ್ರಿಕೆಗಳ ವಿಶೇಷಾಂಕಗಳಿಗೂ ಬಂದಿದೆ. ಚರ್ಚೆ ಕೆಟ್ಟಿತು ಎಂದು ಎಲ್ಲರೂ ಮಾತುಗಾರರನ್ನು ಬೈಯುತ್ತಾರೆ. ನಮ್ಮ ದೂರು ವಿಷಯ ಇಟ್ಟವರ ಮೇಲೆ. ಚರ್ಚೆ ಕೆಡುವುದು ಮೊದಲ ಮಾತುಗಾರ ಬಾಯಿ ತೆರೆಯುವುದಕ್ಕೆ ಮುಂಚೆ, ವಿಷಯ ಗೊತ್ತುಮಾಡುವ ಹೊತ್ತಿನಲ್ಲಿ. ಅಲ್ಲಿ ತಪ್ಪಿದ್ದನ್ನು ಆಮೇಲೆ ಎಂಥ ವಾಗ್ಮಿಯೂ ಸರಿಪಡಿಸಲಾರ.

2024ರ ಜುಲೈ ತಿಂಗಳ ಆ ಮೂರು ದಿನಗಳನ್ನು ನೆನಪು ಮಾಡಿಕೊಳ್ಳಿ. ಖಾಸಗಿ ಉದ್ದಿಮೆಗಳಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ವಿಧೇಯಕಕ್ಕೆ 15ರಂದು ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು, ಉದ್ಯಮಿಗಳು ಸಿಡಿದೆದ್ದರು, 17ರಂದು ಸರ್ಕಾರ ಅದನ್ನು ತಡೆಹಿಡಿಯಿತು. ಕನ್ನಡಿಗರ ಸ್ವಾಭಿಮಾನವೋ ಬೆಂಗಳೂರಿನ ಅಭಿವೃದ್ಧಿಯೋ ಎಂಬುದೇ ಆಗ ಎಲ್ಲ ಕಡೆ ಚರ್ಚೆಯ ವಿಷಯ. ಕರಡಿನಲ್ಲಿ ಇದ್ದದ್ದೇನು? ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ. ಸ್ಥಳೀಯರೆಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಇಲ್ಲಿ ನೆಲೆಸಿ, ಕನ್ನಡವನ್ನು ಮಾತಾಡಲು, ಓದಲು, ಬರೆಯಲು ಬಲ್ಲವರು. ಅರ್ಹರು ಸಿಗದಿದ್ದರೆ ಉದ್ದಿಮೆ ಸಡಿಲಿಕೆ ಕೇಳಬಹುದು, ಆದರೂ ಶೇ 25 ಮತ್ತು ಶೇ 50ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಇಷ್ಟು ಓದಿದರೆ ಕೇಳಬೇಕಾದ ಪ್ರಶ್ನೆಗಳು ತಾವಾಗಿ ಏಳುತ್ತವೆ. ಕಾಸರಗೋಡಿನಲ್ಲೋ ಅಕ್ಕಲಕೋಟೆಯಲ್ಲೋ ಹುಟ್ಟಿ ಮೂವತ್ತು ವರ್ಷ ಬೆಂಗಳೂರಿನಲ್ಲಿ ದುಡಿದ ಕನ್ನಡಿಗ ಈ ವ್ಯಾಖ್ಯೆಯೊಳಗೆ ಬರುತ್ತಾನೆಯೇ? ಕಾವಲಿಗೆ, ಸ್ವಚ್ಛತೆಗೆ ಗುತ್ತಿಗೆ ಏಜೆನ್ಸಿಯಿಂದ ಬರುವವರ ಲೆಕ್ಕ ಯಾರ ಖಾತೆಗೆ? ಶೇ 75ರ ಮೀಸಲಾತಿ ತಂದಿದ್ದ ಹರಿಯಾಣದ ಕಾಯ್ದೆಯನ್ನು ಅಲ್ಲಿನ ಹೈಕೋರ್ಟು 2023ರ ನವೆಂಬರಿನಲ್ಲಿ ರದ್ದು ಮಾಡಿತ್ತಲ್ಲ, ಆ ತೀರ್ಪನ್ನು ದಾಟುವ ದಾರಿ ನಮ್ಮ ಕರಡಿನಲ್ಲಿತ್ತೇ? ಸ್ಥಳೀಯರಿಗೆ ಕೆಲಸ ಸಿಗಬೇಕು ಎಂಬುದು ಈ ಪತ್ರಿಕೆಯ ನಿಲುವು. ನಮ್ಮ ಸಿಟ್ಟಿಗೆ ಅದೇ ಕಾರಣ. ಗಡಿಯಾಚೆ ಹುಟ್ಟಿದ ಕನ್ನಡಿಗನನ್ನು ಹೊರಗಿಡುವ ಸಾಲೊಂದು ಕರಡಿನಲ್ಲಿ ಕೂತಿರುವಾಗ ಸ್ವಾಭಿಮಾನದ ಹೆಸರಿನಲ್ಲಿ ಗಂಟಲು ಹರಿದುಕೊಂಡವರಿಗೆ ಅದು ಕಾಣಲಿಲ್ಲ. ವಿಷಯವನ್ನು ಹಾಗೆ ಇಟ್ಟಿದ್ದರಿಂದ ಕರಡು ಓದುವ ಅಗತ್ಯವೇ ಯಾರಿಗೂ ಬೀಳಲಿಲ್ಲ.

ವಿಷಯ ಎಂದರೆ ಇನ್ನೂ ತೀರ್ಮಾನವಾಗದ ಒಂದು ಸಂಗತಿ. ಅದನ್ನು ತೀರ್ಮಾನಿಸುವವರು ಯಾರೆಂದು ಗೊತ್ತಿರಬೇಕು, ಏನನ್ನು ತೀರ್ಮಾನಿಸುತ್ತಾರೆಂಬ ಬರಹ ಕೈಯಲ್ಲಿರಬೇಕು. ಕನ್ನಡದಲ್ಲಿ ಇದಕ್ಕೆ ದೊಡ್ಡ ನಿದರ್ಶನ ಗೋಕಾಕ್ ಚಳವಳಿ. 1981ರ ಜನವರಿಯಲ್ಲಿ ವಿ.ಕೃ. ಗೋಕಾಕರ ಸಮಿತಿ ಕೊಟ್ಟ ವರದಿ ಕನ್ನಡ ಉಳಿಯಬೇಕೇ ಎಂದು ಕೇಳಲಿಲ್ಲ. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕ ಇರಬೇಕು ಎಂದಿತು. ಪರ ಇದ್ದವರಿಗೂ ವಿರೋಧ ಇದ್ದವರಿಗೂ ತಾವು ಯಾವುದನ್ನು ಒಪ್ಪುತ್ತಿದ್ದೇವೆ, ಯಾವುದನ್ನು ತಳ್ಳುತ್ತಿದ್ದೇವೆ ಎಂಬುದು ಸ್ಪಷ್ಟವಿತ್ತು. ಸಂಸ್ಕೃತ ಕಲಿಯುತ್ತಿದ್ದವರಿಗೆ, ಉರ್ದು, ತಮಿಳು, ಮರಾಠಿ ಮನೆಮಾತಿನ ಮಕ್ಕಳಿಗೆ ಏನಾಗುತ್ತದೆ ಎಂಬ ಆಕ್ಷೇಪಗಳೂ ಅಷ್ಟೇ ಖಚಿತವಾಗಿದ್ದವು. 1982ರಲ್ಲಿ ರಾಜಕುಮಾರ್ ಇಳಿದ ಮೇಲೆ ಬೀದಿ ತುಂಬಿದ್ದು ನಿಜ. ಆದರೆ ಬೀದಿ ತುಂಬಿದ ಆ ಜನಕ್ಕೆ ಕೇಳಲು ಒಂದು ನಿರ್ದಿಷ್ಟ ಬೇಡಿಕೆ ಇದ್ದದ್ದು ವರದಿಯಿಂದ. ಆಕ್ಸ್‌ಫರ್ಡ್ ಯೂನಿಯನ್ನಿನ 1933ರ ಫೆಬ್ರವರಿ 9ರ ಚರ್ಚೆ ಇಂದಿಗೂ ಹೆಸರುಳಿಸಿಕೊಂಡದ್ದೂ ವಿಷಯದ ಬಲದಿಂದಲೇ. ಯುದ್ಧ ಒಳ್ಳೆಯದೋ ಕೆಟ್ಟದ್ದೋ ಎಂದು ಆ ಹುಡುಗರು ಕೇಳಿಕೊಂಡಿದ್ದರೆ ಮರುದಿನವೇ ಮರೆತುಹೋಗುತ್ತಿತ್ತು. ಯಾವ ಪರಿಸ್ಥಿತಿಯಲ್ಲೂ ರಾಜನಿಗಾಗಿ, ದೇಶಕ್ಕಾಗಿ ಹೋರಾಡುವುದಿಲ್ಲ ಎಂಬ ಗೊತ್ತುವಳಿಯನ್ನು ಅವರು ಮುಂದಿಟ್ಟರು, 275ಕ್ಕೆ 153 ಮತಗಳಿಂದ ಅಂಗೀಕರಿಸಿದರು. ಯುದ್ಧ ಬಂದರೆ ಹೋಗಬೇಕಾದವರು ಅವರೇ ಆಗಿದ್ದರು. ಚರ್ಚಿಲ್‌ನಂಥವರು ಕೆಂಡವಾದದ್ದು ಅದಕ್ಕೆ.

ಪ್ರಶ್ನೆಯನ್ನು ಹೇಗೆ ಕಟ್ಟುತ್ತೇವೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ ಎಂಬುದಕ್ಕೆ ಉಡುಪಿಯ ಹಿಜಾಬ್ ಪ್ರಕರಣಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ರಾಜ್ಯ ಸರ್ಕಾರ 2022ರ ಫೆಬ್ರವರಿ 5ರಂದು ಸಮವಸ್ತ್ರದ ಆದೇಶ ಹೊರಡಿಸಿತು. ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯೇ ಎಂಬ ಪ್ರಶ್ನೆಯನ್ನು ಹೈಕೋರ್ಟು ಮೊದಲು ಎತ್ತಿಕೊಂಡಿತು, ಮಾರ್ಚ್ 15ರಂದು ಅಲ್ಲ ಎಂದಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿಗೆ ಹೋದರು. ನ್ಯಾ. ಹೇಮಂತ್ ಗುಪ್ತ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿದರು. ನ್ಯಾ. ಸುಧಾಂಶು ಧುಲಿಯಾ ಅವರು ಅತ್ಯಗತ್ಯ ಆಚರಣೆಯ ಪ್ರಶ್ನೆಗೆ ಹೋಗುವ ಅಗತ್ಯವೇ ಇರಲಿಲ್ಲ ಎಂದು ಭಾವಿಸಿ, ಹೆಣ್ಣುಮಗಳ ಓದನ್ನು ನಡುವೆ ಇಟ್ಟು ನೋಡಿದರು. ಪ್ರಕರಣ ಒಂದೇ, ಸಾಕ್ಷ್ಯ ಒಂದೇ, ಪ್ರಶ್ನೆ ಬೇರೆಯಾದ ಕೂಡಲೇ ಉತ್ತರವೂ ಬೇರೆ. ವಾಹಿನಿಗಳ ಮುಂದೆ ಆ ಎರಡು ಪ್ರಶ್ನೆಗಳೂ ಇದ್ದವು. ಅವು ಮೂರನೆಯದನ್ನು ಆರಿಸಿಕೊಂಡವು: ಈ ಹುಡುಗಿಯರ ಹಿಂದೆ ಯಾರಿದ್ದಾರೆ? ಹದಿನೇಳರ ಪ್ರಾಯದ ವಿದ್ಯಾರ್ಥಿನಿಯರು ಕಾಲೇಜಿನ ಗೇಟಿನ ಮುಂದೆ ಕ್ಯಾಮೆರಾಗಳನ್ನು ತಪ್ಪಿಸಿಕೊಂಡು ಓಡಬೇಕಾಯಿತು. ಕಾಲೇಜು ಅಭಿವೃದ್ಧಿ ಸಮಿತಿಗೆ ಇಂಥ ಅಧಿಕಾರ ಯಾವ ಕಾನೂನಿನಿಂದ ಬಂತು, ಶಾಸಕರು ಅದರ ಅಧ್ಯಕ್ಷರಾಗಿರುವುದು ಸರಿಯೇ ಎಂಬ ಪ್ರಶ್ನೆಯನ್ನು ಗಂಟೆಗಟ್ಟಲೆ ಚರ್ಚಿಸಲು ಅವಕಾಶವಿತ್ತು. ಅದು ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳಿಗೂ ಸಂಬಂಧಿಸಿದ್ದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ನೀವು ಸರ್ಕಾರಿ ಆದೇಶ, ಕಲಮು, ಉಪಕಲಮು ಎಂದು ಹೇಳುತ್ತ ನಾಡಿನ ಮನಸ್ಸನ್ನು ಕಲಕುವ ದೊಡ್ಡ ಪ್ರಶ್ನೆಗಳಿಂದ ನುಣುಚಿಕೊಳ್ಳುತ್ತಿದ್ದೀರಿ. ಧರ್ಮ, ಇತಿಹಾಸ, ಅಸ್ಮಿತೆ ಚರ್ಚೆಯಾಗಬೇಡವೇ ಎಂದು. ಆಗಲಿ. ಆದರೆ ಹಿಂದೆ ಅವು ಆದದ್ದು ಹೇಗೆ ಎಂದು ನೋಡೋಣ. 2006ರಲ್ಲಿ ಆಗಿನ ಉನ್ನತ ಶಿಕ್ಷಣ ಸಚಿವ ಶಂಕರಮೂರ್ತಿಯವರ ಮಾತಿನಿಂದ ಹೊತ್ತಿದ ಟಿಪ್ಪು ಚರ್ಚೆಯಲ್ಲಿ ಗಿರೀಶ ಕಾರ್ನಾಡರೂ ಭೈರಪ್ಪನವರೂ ಎದುರುಬದುರಾದರು, ತಿಂಗಳುಗಟ್ಟಲೆ ಪುಟಗಳು ತುಂಬಿದವು. ಆಮೇಲೆ ಟಿಪ್ಪು ಜಯಂತಿ ಬಂತು, ಹೋಯಿತು. ವಾದಗಳು ಮಾತ್ರ 2006ರಲ್ಲಿ ಎಲ್ಲಿದ್ದವೋ ಅಲ್ಲೇ ಇವೆ. ಇದಕ್ಕಿಂತ ಗಂಭೀರವಾದದ್ದು 2008ರದು. ಆ ವರ್ಷ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲೂ ಬೇರೆಡೆಯೂ ಚರ್ಚುಗಳ ಮೇಲೆ ದಾಳಿ ನಡೆಯಿತು. ಅಕ್ಟೋಬರಿನಲ್ಲಿ ವಿಜಯ ಕರ್ನಾಟಕದಲ್ಲಿ ಮತಾಂತರದ ಬಗ್ಗೆ ಭೈರಪ್ಪನವರ ಲೇಖನ ಬಂದು, ಅನಂತಮೂರ್ತಿಯವರಿಂದ ಹಿಡಿದು ನಾಡಿನ ಬರಹಗಾರರೆಲ್ಲ ಚರ್ಚೆಗೆ ಇಳಿದರು. ಆದರೆ ಚರ್ಚೆಯ ವಿಷಯ ಅಷ್ಟು ಹೊತ್ತಿಗೆ ದಾಳಿಯಿಂದ ಮತಾಂತರಕ್ಕೆ ಜಾರಿತ್ತು. ಪ್ರಾರ್ಥನೆ ಮಾಡುತ್ತಿದ್ದವರಿಗೆ ಹೊಡೆದದ್ದು ಯಾರು, ಪೊಲೀಸರು ಏನು ಮಾಡುತ್ತಿದ್ದರು ಎಂಬುದು ತನಿಖೆಯಾಗಬೇಕಿದ್ದ, ಉತ್ತರ ಇದ್ದ ಪ್ರಶ್ನೆ. ಪೆಟ್ಟು ತಿಂದವರ ಮತವೇ ಸಮಸ್ಯೆ ಎಂಬಂತೆ ವಿಷಯ ಬದಲಾದದ್ದನ್ನು ಸೆಕ್ಯುಲರ್ ಪಾಳಯದ ಘಟಾನುಘಟಿಗಳೂ ಒಪ್ಪಿಕೊಂಡೇ ಉತ್ತರ ಬರೆದರು. ಎದುರಾಳಿ ಇಟ್ಟ ವಿಷಯವನ್ನು ಒಪ್ಪಿಕೊಂಡ ಮೇಲೆ ಎಷ್ಟು ಚೆನ್ನಾಗಿ ವಾದಿಸಿದರೂ ಸೋತಂತೆಯೇ.

ಬರಹವೇ ಕೈಯಲ್ಲಿಲ್ಲದ ವಿಷಯವನ್ನು ಚರ್ಚೆಗೆ ಇಡಬಾರದು ಎಂದೆವು. ಇದಕ್ಕೆ ಜಾತಿ ಸಮೀಕ್ಷೆಗಿಂತ ನೋವಿನ ಉದಾಹರಣೆ ಇಲ್ಲ. 2015ರಲ್ಲಿ ಮನೆಮನೆಗೆ ಹೋಗಿ ಸಂಗ್ರಹಿಸಿದ ಮಾಹಿತಿಯ ವರದಿ ಸರ್ಕಾರದ ಕೈಸೇರಿದ್ದು 2024ರ ಫೆಬ್ರವರಿ 29ರಂದು. ಸಂಪುಟದ ಮುಂದೆ ಬಂದದ್ದು 2025ರ ಏಪ್ರಿಲಿನಲ್ಲಿ. ಅದೇ ಸೆಪ್ಟೆಂಬರಿನಲ್ಲಿ ಹೊಸ ಸಮೀಕ್ಷೆಯೇ ಶುರುವಾಯಿತು. ಈ ಹತ್ತು ವರ್ಷಗಳಲ್ಲಿ ಸೋರಿಬಂದ ಅಂಕಿಗಳನ್ನು ಇಟ್ಟುಕೊಂಡು ನಡೆದ ಚರ್ಚೆಗಳಿಗೆ ಲೆಕ್ಕವಿಲ್ಲ, ಯಾವ ಸಮುದಾಯ ಎಷ್ಟು ಎಂದು ಮಠಾಧೀಶರೂ ಶಾಸಕರೂ ಕಾದಾಡಿದ್ದಕ್ಕೂ ಲೆಕ್ಕವಿಲ್ಲ. ಆಗ ಇದ್ದ ಏಕೈಕ ನ್ಯಾಯವಾದ ವಿಷಯ ವರದಿಯನ್ನು ಪ್ರಕಟಿಸಲು ಏನು ಅಡ್ಡಿ ಎಂಬುದು. ಕಾಲೇಜು ವೇದಿಕೆಗಳ ಅಚ್ಚುಮೆಚ್ಚಿನ ಮೀಸಲಾತಿ ಬೇಕೇ ಬೇಡವೇ ಎಂಬ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಸಂವಿಧಾನ ತೀರ್ಮಾನಿಸಿರುವ ಆ ಪ್ರಶ್ನೆಯನ್ನು ಪ್ರತಿ ವರ್ಷ ತೆರೆದು, ಸಭೆಯಲ್ಲಿ ಕೂತ ದಲಿತ ಹುಡುಗಿ ತಾನು ಆ ತರಗತಿಯಲ್ಲಿ ಇರಬಹುದೇ ಎಂಬುದರ ಪರ-ವಿರೋಧ ಕೇಳುವಂತೆ ಮಾಡುವುದು ಚರ್ಚೆಯಲ್ಲ, ಅವಮಾನ. ಮೀಸಲಾತಿಯೊಳಗೆ ತೆರೆದಿರುವ ಪ್ರಶ್ನೆಗಳು ಬೇಕಾದಷ್ಟಿವೆ. ಒಳಮೀಸಲಾತಿಗೆ ಸುಪ್ರೀಂ ಕೋರ್ಟು 2024ರ ಆಗಸ್ಟ್ 1ರಂದು ದಾರಿ ತೆರೆಯಿತು. ನ್ಯಾ. ನಾಗಮೋಹನದಾಸ್ ಆಯೋಗ ಪರಿಶಿಷ್ಟ ಜಾತಿಗಳನ್ನು ಐದು ಗುಂಪು ಮಾಡಿ ಅಲೆಮಾರಿಗಳಿಗೆ ಪ್ರತ್ಯೇಕವಾಗಿ ಶೇ 1 ಹೇಳಿತು. ಸಂಪುಟ ಐದನ್ನು ಮೂರಕ್ಕೆ ಇಳಿಸಿ ಶೇ 6, 6, 5 ಎಂದು ಹಂಚಿ, ಅಲೆಮಾರಿಗಳನ್ನು ತಮಗಿಂತ ಬಲಿಷ್ಠರ ಗುಂಪಿಗೆ ಸೇರಿಸಿತು. ಅದು ನ್ಯಾಯವೇ? ಈ ಪ್ರಶ್ನೆಗೆ ಪರವೂ ಇದೆ, ವಿರೋಧವೂ ಇದೆ, ಆಯೋಗದ ವರದಿ ಇದೆ, ಬೀದಿಯಲ್ಲಿ ಕೂತು ಕೇಳಿದ ಅಲೆಮಾರಿಗಳಿದ್ದಾರೆ.

ಎರಡನೆಯ ಆಕ್ಷೇಪ, ಇವೆಲ್ಲ ತಜ್ಞರ ವಿಷಯಗಳು, ಸಾಮಾನ್ಯ ಓದುಗರಿಗೆ ಬೇಕಾಗಿಲ್ಲ ಎಂಬುದು. ಸಾಮಾನ್ಯರ ಹೆಸರಿನಲ್ಲಿ ಹೀಗೆ ಹೇಳುವವರು ಕೈಗಾರಿಕೆಗೆ ಭೂಸ್ವಾಧೀನ ಮಾಡುವ ಕೆಐಎಡಿಬಿಯ ನೋಟಿಸು ಬಂದ ಯಾವ ಹಳ್ಳಿಗಾದರೂ ಹೋಗಲಿ. ಕಾಯ್ದೆಯ 28(1) ಎಂದರೆ ಪ್ರಾಥಮಿಕ ಅಧಿಸೂಚನೆ, 28(4) ಎಂದರೆ ಅಂತಿಮ ಎಂಬುದು ಅಲ್ಲಿ ದನ ಕಾಯುವವರಿಗೂ ಗೊತ್ತು, ಏಕೆಂದರೆ ನೆಲ ಹೋಗುವುದು ಅವರದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳವರು 1,777 ಎಕರೆಗಾಗಿ ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ಧರಣಿಯ ಕೊನೆಯ ಕೆಲವು ವಾರಗಳಲ್ಲಿ ಮಾತ್ರ ರಾಜಧಾನಿಯ ಮಾಧ್ಯಮಕ್ಕೆ ಅದು ವಿಷಯವಾಯಿತು, ವಿಮಾನ ನಿಲ್ದಾಣದಿಂದ ಅಷ್ಟು ಹತ್ತಿರದಲ್ಲಿದ್ದರೂ. ಬೆಂಗಳೂರಿನಿಂದ ದೂರದ ಊರುಗಳ ಪಾಡು ಹೇಳುವುದೇ ಬೇಡ. ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಕೊಟ್ಟು 2013ರಲ್ಲಿ ಅಂತಿಮಗೊಳಿಸಿದ ತೀರ್ಪು ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿದೆ. ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದ್ದು ಗೆಜೆಟ್ ಅಧಿಸೂಚನೆ ಹೊರಡದೆ ಅದು ಹಾಗೇ ನಿಂತಿದೆ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಮುಳುಗುವ ಊರಿನವರು ಮನೆಗೆ ಸುಣ್ಣ ಹೊಡೆಯಬೇಕೋ ಬೇಡವೋ ತಿಳಿಯದೆ ಕೂತಿದ್ದಾರೆ. ಕಾವೇರಿಗೆ ತಿಂಗಳುಗಟ್ಟಲೆ ಚರ್ಚೆ ನಡೆಸುವವರು ಕೃಷ್ಣೆಗೆ ಒಂದು ಸಂಜೆ ಕೊಟ್ಟಿಲ್ಲ. ಇದು ತಜ್ಞತೆಯ ಮಾತಲ್ಲ, ವಿಷಯ ಆರಿಸುವವರು ಎಲ್ಲಿ ಕೂತಿದ್ದಾರೆ ಎಂಬುದರ ಮಾತು.

ಓದುಗರು ಬರುವುದಿಲ್ಲ, ಪ್ರಸಾರ ಇಳಿಯುತ್ತದೆ ಎಂದು ಹೆದರಿಸುವವರಿಗೆ ನಮ್ಮ ಉತ್ತರ ಚಿಕ್ಕದು. ಓದುಗರು ಕಡಿಮೆಯಾದರೂ ಸರಿಯೆ. ಚರ್ಚೆಗೆ ನೂರು ಜನ ಸೇರಿ ಯಾರೂ ಏನನ್ನೂ ಓದದೆ ಮನೆಗೆ ಹೋಗುವುದಕ್ಕಿಂತ, ಹತ್ತು ಜನ ಒಂದು ವರದಿಯನ್ನು ಪೂರ್ತಿ ಓದಿ ಜಗಳವಾಡುವುದು ಈ ನಾಡಿಗೆ ಹೆಚ್ಚು ಉಪಯೋಗ. ಸಂವಿಧಾನ ಸಭೆಗೆ ಬಂದ ತಿದ್ದುಪಡಿಗಳು 7,635, ಮಂಡನೆಯಾದದ್ದು 2,473. ಒಂದೊಂದೂ ಯಾವ ವಿಧಿಯ ಯಾವ ಪದದ ಬಗ್ಗೆ ಎಂದು ಗುರುತಿಸಿ ಬಂದದ್ದು. ಹಿಂದಿಯ ಬಗ್ಗೆ 1949ರ ಸೆಪ್ಟೆಂಬರಿನಲ್ಲಿ ಅಲ್ಲಿ ನಡೆದ ಕಾವೇರಿದ ವಾಗ್ವಾದವೂ ಕೊನೆಗೆ ಅಂಕಿಗಳ ಲಿಪಿ ಯಾವುದು, ಇಂಗ್ಲಿಷಿಗೆ ಎಷ್ಟು ವರ್ಷ ಎಂಬಷ್ಟು ಖಚಿತವಾದ ಪ್ರಶ್ನೆಗಳ ಮೇಲೆ ನಿಂತಿತು. ಅದಕ್ಕೇ ಅದರಿಂದ ಒಂದು ತೀರ್ಮಾನ ಹೊರಬಂತು.

ಈ ಸಂಚಿಕೆಯ ಚರ್ಚೆ: ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟಿನಲ್ಲಿ ಶಿಫಾರಸು ಮಾಡಿದಂತೆ ಕನಿಷ್ಠ 5ನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮವನ್ನು, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂಬ 2014ರ ಮೇ 6ರ ಸುಪ್ರೀಂ ಕೋರ್ಟ್ ತೀರ್ಪು ಇರುವಾಗ, ರಾಜ್ಯ ಸರ್ಕಾರ ಖಾಸಗಿ ಶಾಲೆಗಳಲ್ಲಿ ತರಬಲ್ಲುದೇ? ಮುಂದಿನ ಸಂಚಿಕೆಗಳಿಗೆ ವಿಷಯ ಸೂಚಿಸುವ ಓದುಗರಲ್ಲಿ ನಮ್ಮ ಕೋರಿಕೆ ಇಷ್ಟು. ವಿಷಯದ ಜೊತೆಗೆ ಅದನ್ನು ತೀರ್ಮಾನಿಸಬೇಕಾದವರು ಯಾರು ಎಂಬುದನ್ನೂ, ನಾವು ಓದಲೇಬೇಕಾದ ಆದೇಶ, ತೀರ್ಪು ಅಥವಾ ವರದಿ ಯಾವುದು ಎಂಬುದನ್ನೂ ಬರೆದು ಕಳಿಸಿ. ನಿಮ್ಮ ತಾಲ್ಲೂಕಿನದಾದರೆ ಇನ್ನೂ ಒಳ್ಳೆಯದು. ಅದನ್ನೇ ಮೊದಲು ಎತ್ತಿಕೊಳ್ಳುತ್ತೇವೆ.