ಲೆಕ್ಕಕ್ಕೆ ಸಿಕ್ಕೂ ಸಿಗದ 5,293

ಸಾವಿನ ಕಾರಣವನ್ನು ಕುರಿತು ಎಷ್ಟು ಬೇಕಾದರೂ ಜಗಳವಾಡಬಹುದು. ಹೆಣಗಳ ಎಣಿಕೆಯಲ್ಲಿ ಅಷ್ಟು ಅವಕಾಶವಿಲ್ಲ. ‘ಹೆಚ್ಚುವರಿ ಸಾವು’ ಎಂಬ ಲೆಕ್ಕದ ಬಲವೆಲ್ಲ ಅಲ್ಲೇ ಇದೆ: ಈಗ ಸತ್ತವರ ಸಂಖ್ಯೆಯಿಂದ ಮಾಮೂಲಿ ವರ್ಷದ ಸಂಖ್ಯೆಯನ್ನು ಕಳೆಯಿರಿ. ಲಂಡನ್ನಿನ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ 1847ರ ಇನ್‌ಫ್ಲುಯೆಂಜಾದ ಹೊತ್ತಿಗೇ ಹೀಗೆ ಎಣಿಸಿದ್ದ. ನ್ಯೂಯಾರ್ಕ್ ನಗರದಲ್ಲಿ 2020ರ ಮಾರ್ಚ್ 11ರಿಂದ ಮೇ 2ರವರೆಗೆ ವಾಡಿಕೆಗಿಂತ ಸುಮಾರು 24,172 ಸಾವು ಹೆಚ್ಚಾದವು. ಪರೀಕ್ಷೆಯಲ್ಲಿ ಕೋವಿಡ್ ಖಚಿತವಾಗಿದ್ದವರು 13,831. ಪರೀಕ್ಷೆಯಲ್ಲಿ ಖಚಿತವಾಗದಿದ್ದರೂ ಮರಣಪತ್ರದಲ್ಲಿ ಕೋವಿಡ್ ನಮೂದಾದವರು 5,048. ಮಿಕ್ಕ 5,293 ಜನರೇ ನನ್ನನ್ನು ಕಾಡುವವರು. ಅವರಲ್ಲಿ ಕೆಲವರಿಗೆ ಸೋಂಕು ತಗುಲಿಯೂ ಯಾರ ಕಣ್ಣಿಗೂ ಬಿದ್ದಿರಲಿಕ್ಕಿಲ್ಲ. ಇನ್ನು ಕೆಲವರು ಎದೆನೋವು ಬಂದರೂ ಆಸ್ಪತ್ರೆಗೆ ಹೋಗಲು ಹೆದರಿ ಮನೆಯಲ್ಲೇ ಉಳಿದಿರಬಹುದು. ವೈರಸ್ ಮುಟ್ಟದೆಯೂ ಅದು ಕೊಂದ ಇಂಥವರು ಯಾವ ದೈನಂದಿನ ಬುಲೆಟಿನ್ನಿನಲ್ಲೂ ಬರಲಿಲ್ಲ. ಈ ಲೆಕ್ಕಕ್ಕೂ ಕುಂದುಂಟು ಅನ್ನಿ: ಊರು ಬಿಟ್ಟು ಹೋದವರು ಹೊರಗೆ ಸತ್ತರೆ ನಗರದ ಲೆಕ್ಕಕ್ಕೆ ಸೇರುವುದಿಲ್ಲ, ರಸ್ತೆ ಖಾಲಿಯಾಗಿ ತಪ್ಪಿದ ಅಪಘಾತಗಳು ಮೊತ್ತವನ್ನು ಇಳಿಸುತ್ತವೆ. ಅದಕ್ಕಿಂತ ಮೊದಲು, ಕಳೆಯಬೇಕಾದರೆ ಸಾವುಗಳು ದಾಖಲಾಗಿರಬೇಕಲ್ಲ! ನ್ಯೂಯಾರ್ಕಿನ ನೋಂದಣಿ ಗಟ್ಟಿಯಾಗಿತ್ತು, ಹಾಗಾಗಿ ಮೇ ತಿಂಗಳು ಮುಗಿಯುವ ಮೊದಲೇ ಉತ್ತರ ಸಿಕ್ಕಿತು. ಭಾರತದಲ್ಲಿ 2020 ಮತ್ತು 2021ರ ಹೆಚ್ಚುವರಿ ಸಾವು 47 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ಅದೇ ಎರಡು ವರ್ಷಗಳಿಗೆ ಸರ್ಕಾರದ ಕೋವಿಡ್ ಲೆಕ್ಕ ಐದು ಲಕ್ಷವನ್ನೂ ಮುಟ್ಟಿರಲಿಲ್ಲ; ಲೆಕ್ಕ ಹಾಕಿದ ವಿಧಾನವೇ ಸರಿಯಿಲ್ಲವೆಂದು ದೆಹಲಿ ತಕರಾರು ತೆಗೆಯಿತು.